ಹಳೆಯ ಆಹಾರ ಪೊಟ್ಟಣಗಳ ಮರುವಿನ್ಯಾಸ (ಭಾರತ)

ಮಾರಾಟ ನಿಂತುಹೋದ ಆಹಾರ, ಪಾನೀಯಗಳ ಡಬ್ಬಿ, ಬಾಟಲಿ, ಪೊಟ್ಟಣಗಳ ಹಿಂದಿನ ಚಹರೆಯನ್ನು ಉಳಿಸಿಕೊಂಡು ಈಗಿನ ಲೇಬಲ್ ನಿಯಮಗಳಿಗೆ ಹೊಂದುವಂತೆ ಮತ್ತೆ ರೂಪಿಸುವ ಕೆಲಸ. ಹಳೆಯ ಬ್ರಾಂಡ್‌ಗಳು ಕೈಬದಲಾಗಿ ಮತ್ತೆ ಅಂಗಡಿಗೆ ಬರುವಾಗ ಇದರ ಅಗತ್ಯ ಬೀಳುತ್ತದೆ. ಕೋಕಾ-ಕೋಲಾ 1977ರಲ್ಲಿ ದೇಶ ಬಿಟ್ಟ ಮೇಲೆ ಹೆಸರಾದ ಕ್ಯಾಂಪಾ ಇದಕ್ಕೆ ಇತ್ತೀಚಿನ ಉದಾಹರಣೆ. 2022ರಲ್ಲಿ ರಿಲಯನ್ಸ್ ಅದನ್ನು ಕೊಂಡು 2023ರ ಮಾರ್ಚ್‌ನಲ್ಲಿ ಮರಳಿ ಮಾರುಕಟ್ಟೆಗೆ ತಂದಿತು.

ನಿಯಮಗಳು

ಆಹಾರ ಕಲಬೆರಕೆ ತಡೆ ನಿಯಮಗಳು 1955ರಲ್ಲಿ, ಪೊಟ್ಟಣದ ಸರಕುಗಳ ತೂಕ-ಅಳತೆ ನಿಯಮಗಳು 1977ರಲ್ಲಿ ಬಂದವು. ಸಸ್ಯಾಹಾರ, ಮಾಂಸಾಹಾರದ ಚಿಹ್ನೆಗಳು ಕಡ್ಡಾಯವಾದದ್ದು 2001ರಲ್ಲಿ. ಪೋಷಕಾಂಶಗಳ ವಿವರ 2009ರಲ್ಲಿ. ಹೀಗಾಗಿ 1980ರ ದಶಕದ ಲೇಬಲ್ಲಿನಲ್ಲಿ ಇವೆರಡಕ್ಕೂ ಜಾಗವೇ ಇರಲಿಲ್ಲ. ಈಗ ಜಾರಿಯಲ್ಲಿರುವುದು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ 2020ರಲ್ಲಿ ಹೊರಟ ಲೇಬಲ್ ನಿಯಮಾವಳಿ. ಮಾಂಸಾಹಾರದ ಕಂದು ಚುಕ್ಕೆ ತ್ರಿಕೋನವಾದದ್ದು ಇದರಿಂದಲೇ.

ಮುಂಭಾಗದ ಲೆಕ್ಕ

ಚಿಹ್ನೆಯನ್ನು ಮುಂಭಾಗದಲ್ಲಿ, ಹೆಸರಿನ ಸಮೀಪ, ಎದ್ದು ಕಾಣುವ ಹಿನ್ನೆಲೆಯ ಮೇಲೆ ಅಚ್ಚು ಹಾಕಬೇಕು. ಮುಂಭಾಗ 100 ಚದರ ಸೆಂ.ಮೀ.ವರೆಗಿದ್ದರೆ ಸಸ್ಯಾಹಾರದ ಹಸಿರು ಚುಕ್ಕೆಯ ವ್ಯಾಸ ಕನಿಷ್ಠ 3 ಮಿ.ಮೀ., 500ರವರೆಗಿದ್ದರೆ 4, 2,500ರವರೆಗಿದ್ದರೆ 6, ಅದಕ್ಕೂ ದೊಡ್ಡದಾದರೆ 8. ಸುತ್ತಲಿನ ಚೌಕದ ಬಾಹು ಇದರ ಎರಡರಷ್ಟು. ಹಸಿರು ಬಣ್ಣದ ಹಳೆಯ ಡಬ್ಬಿಗೆ ಇದೇ ದೊಡ್ಡ ತೊಡಕು: ಚಿಹ್ನೆಯ ಹಿಂದೆ ಬಿಳಿ ಜಾಗ ಬಿಡಲೇಬೇಕು. ಆ ಜಾಗವನ್ನು ಮೊದಲೇ ಗುರುತಿಸಿಕೊಂಡು ಅಕ್ಷರಗಳನ್ನು ಹೊಸದಾಗಿ ಕೂರಿಸಿದರೆ ಮಾತ್ರ ವಿನ್ಯಾಸ ನಿಲ್ಲುತ್ತದೆ. ಮುಗಿದ ಚಿತ್ರದ ಮೇಲೆ ಕೊನೆಗೆ ಅಂಟಿಸಿದ ಚಿಹ್ನೆ ಹಳೆಯ ಸೊಗಸನ್ನೂ ಕೆಡಿಸುತ್ತದೆ, ಓದುವವರಿಗೂ ನೆರವಾಗುವುದಿಲ್ಲ. 14 ಅಂಕಿಗಳ ಪರವಾನಗಿ ಸಂಖ್ಯೆ, ಒಳಪದಾರ್ಥಗಳು, ಅಲರ್ಜಿಯ ಸೂಚನೆ, ಪೋಷಕಾಂಶಗಳ ಕೋಷ್ಟಕ ಇವೆಲ್ಲ ಹಿಂಬದಿಗೆ ಹೋಗಬಹುದು.

ಶಿಶು ಆಹಾರದ ಡಬ್ಬಿ

ಮರುವಿನ್ಯಾಸಕ್ಕೆ ಸ್ವಲ್ಪವೂ ಬಗ್ಗದ ವರ್ಗ ಇದು. ದುಂಡು ಕೆನ್ನೆಯ ಮಗುವಿನ ಚಿತ್ರವೇ ಹಾಲಿನ ಪುಡಿಯ ಡಬ್ಬಿಗಳ ಗುರುತಾಗಿತ್ತು. ಕೊಬ್ಬಿದ ಮಗುವನ್ನು 'ಗ್ಲಾಕ್ಸೊ ಬೇಬಿ' ಎಂದು ಕರೆಯುವಷ್ಟು ಅದು ಮನೆಮಾತಾಗಿತ್ತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಅಮುಲ್ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಡಬ್ಬಿ ಹಾಲಿನ ಆಕರ್ಷಣೆಯಿಂದ ಎದೆಹಾಲು ಹಿಂದೆ ಬೀಳುತ್ತಿದೆ ಎಂಬ ಕಳವಳ ಹೆಚ್ಚಿದಾಗ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಮಾರಾಟ ಸಂಹಿತೆಯನ್ನು ಅಂಗೀಕರಿಸಿತು. ಭಾರತ 1983ರಲ್ಲಿ ತನ್ನದೇ ಸಂಹಿತೆಯನ್ನೂ 1992ರಲ್ಲಿ ಕಾಯ್ದೆಯನ್ನೂ ತಂದಿತು. ಅದರಂತೆ ಲೇಬಲ್ಲಿನ ಮೇಲೆ ಮಗುವಿನ ಚಿತ್ರವಾಗಲಿ ಹೆಂಗಸಿನ ಚಿತ್ರವಾಗಲಿ ಇರಕೂಡದು. ಮಾರಾಟ ಹೆಚ್ಚಿಸಲೆಂದು ಬರೆದ ಮಾತೂ ಇರಕೂಡದು. ಎದೆಹಾಲಿಗೆ ಸಮ ಎಂದು ಸೂಚಿಸುವ 'ಹ್ಯೂಮನೈಸ್ಡ್', 'ಮೆಟರ್ನಲೈಸ್ಡ್' ಎಂಬ ಪದಗಳೂ ನಿಷಿದ್ಧ. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂಬ ಸೂಚನೆ ಕನಿಷ್ಠ 5 ಮಿ.ಮೀ. ಎತ್ತರದ ಅಕ್ಷರಗಳಲ್ಲಿ ಇರಬೇಕು. ಆದ್ದರಿಂದ ಆ ಹಳೆಯ ಡಬ್ಬಿಗಳಿಂದ ಉಳಿಸಿಕೊಳ್ಳಬಹುದಾದದ್ದು ಹೆಚ್ಚೆಂದರೆ ಬಣ್ಣ, ಹೆಸರಿನ ಅಕ್ಷರ ಶೈಲಿ. ಈ ನಷ್ಟ ನ್ಯಾಯವಾದದ್ದು. ಆ ಚಿತ್ರಗಳಿಗೆ ಸಂಗ್ರಹಾಲಯವೇ ಸರಿಯಾದ ಜಾಗ.

ತಂಪು ಪಾನೀಯಗಳು

ಮತ್ತೆ ಮತ್ತೆ ತುಂಬುವ ಗಾಜಿನ ಬಾಟಲಿಗಳಲ್ಲಿ ವಿವರವೆಲ್ಲ ಬಹುತೇಕ ಮುಚ್ಚಳಕ್ಕೇ ಸೀಮಿತವಾಗಿತ್ತು. 2009ರ ಮಾರ್ಚ್ 19ರಿಂದ ತಯಾರಾಗುವ ಹೊಸ ಬಾಟಲಿಗಳ ಮೈಮೇಲೆಯೇ ಒಳಪದಾರ್ಥ, ಪೋಷಕಾಂಶಗಳನ್ನು ನಮೂದಿಸುವಂತಾಯಿತು. ಕಿತ್ತಳೆ, ನಿಂಬೆ ರುಚಿಯ ಪಾನೀಯಗಳಲ್ಲಿ ಸುವಾಸನೆಯ ಎಣ್ಣೆ ಬೇರ್ಪಡದಂತೆ ಬಳಸುತ್ತಿದ್ದ ಬ್ರೋಮಿನ್ ಬೆರೆತ ಸಸ್ಯತೈಲ 1990ರಲ್ಲೇ ನಿಷೇಧಗೊಂಡಿದೆ. ಹಾಗಾಗಿ ಅದಕ್ಕೂ ಹಿಂದಿನ ಪಾನೀಯದ ಲೇಬಲ್ಲಿನಲ್ಲಿ 'ಅದೇ ಹಳೆಯ ರುಚಿ' ಎಂದು ಹೇಳಿಕೊಳ್ಳುವ ಮುನ್ನ ಒಳಪದಾರ್ಥಗಳ ಪಟ್ಟಿಯನ್ನು ನೋಡಬೇಕು.

ಭಾಷೆ

ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಇವುಗಳ ಜೊತೆಗೆ ಕನ್ನಡವನ್ನೂ ಬಳಸಲು ನಿಯಮಾವಳಿಯಲ್ಲಿ ಅಡ್ಡಿಯಿಲ್ಲ.