ಬೀಗದ ಒಳಗೆ, ಬೀಗದ ಹೊರಗೆ

ನಮ್ಮ ತಿಪಟೂರು–ತುರುವೇಕೆರೆ ಕಡೆ ಮನೆಯಲ್ಲಿ ಯಾರಿಗಾದರೂ ಬುದ್ಧಿ ಕೆಟ್ಟರೆ ಮೊದಲು ದೇವಸ್ಥಾನ, ಕೊನೆಗೆ ಬೆಂಗಳೂರಿನ ರೈಲು. ನಡುವೆ ಇನ್ನೊಂದು ಮದ್ದನ್ನು ಯಾರಾದರೂ ಹೇಳಿಯೇ ಹೇಳುತ್ತಿದ್ದರು: ‘ಒಂದ್ ಮದ್ವೆ ಮಾಡ್ಬುಡ್ರಪ್ಪ, ಎಲ್ಲಾ ಸರಿಹೋಗುತ್ತೆ.’ ತೋಟದ ಮನೆಗಳ ಜಗಲಿಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹೊರಗಿದ್ದಾಗ ದಾಂಪತ್ಯವೇ ಔಷಧ. ಅದೇ ಮನುಷ್ಯ ಆಸ್ಪತ್ರೆಯ ಬೀಗ ದಾಟಿ ಒಳಹೋದರೆ ಅವನಿಗೆ ದೇಹವೇ ಇಲ್ಲವೆಂಬಂತೆ ವ್ಯವಸ್ಥೆ. ಎರಡೂ ಕಡೆ ಅವನನ್ನು, ಅದರಲ್ಲೂ ಅವಳನ್ನು, ‘ನಿನಗೇನು ಬೇಕು’ ಎಂದು ಕೇಳಿದವರು ಕಡಿಮೆ.

ಬೆಂಗಳೂರಿನ ಹುಚ್ಚಾಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ್ದು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾಗುತ್ತಾ ಹೋದರೂ ಗಂಡಸರ ವಾರ್ಡು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ ಎಂಬ ನಿಯಮ ಅಲುಗಲಿಲ್ಲ. ಅದು ಇಂಗ್ಲೆಂಡಿನಿಂದ ಬಂದ ನಕ್ಷೆ. ಹಸ್ತಮೈಥುನವನ್ನು ಹುಚ್ಚಿನ ಕಾರಣಗಳಲ್ಲಿ ಒಂದೆಂದು ಅಲ್ಲಿನ ವೈದ್ಯರು ಬರೆದಿಡುತ್ತಿದ್ದ ಕಾಲವದು.

ಈ ನಕ್ಷೆಗೆ ನಮ್ಮ ದೇಶ ಸೇರಿಸಿದ ಒಂದು ಸಂಗತಿ ನನಗೆ ಇಷ್ಟ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಮುಂದೆ ಬೆಂಗಳೂರಿನಲ್ಲೂ ಕುಟುಂಬದ ವಾರ್ಡುಗಳು ಬಂದವು. ಗಂಡನಿಗೆ ಅನ್ನ ಕಲಸಿ ಕೊಡುವುದು, ಹೆಂಡತಿಯ ತಲೆ ಬಾಚುವುದು: ಆರೈಕೆಯ ಹೆಸರಿನಲ್ಲಿ ಮುಟ್ಟಲು ಅಷ್ಟು ಅವಕಾಶ.

ಮುಟ್ಟುವುದೆಲ್ಲ ಪ್ರೀತಿಯಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ನಿಮ್ಹಾನ್ಸ್‌ಗೆ ದಾಖಲಾದ 146 ಹೆಂಗಸರನ್ನು ಮಾತನಾಡಿಸಿ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 50 ಮಂದಿ ಲೈಂಗಿಕ ಬಲವಂತ ಅನುಭವಿಸಿದ್ದರು. ಬಲವಂತ ಮಾಡಿದವರಲ್ಲಿ ಗಂಡಂದಿರೂ ಇದ್ದರು. ಆ 50ರಲ್ಲಿ 30 ಮಂದಿ ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಜಗಲಿಯ ಮೇಲೆ ಕೂತು ಮದುವೆಯ ಮದ್ದು ಹೇಳುವವರ ಕಿವಿಗೆ ಈ ಅಂಕಿ ಬೀಳಬೇಕು.

ಕಾನೂನಿನ ಭಾಷೆಯೂ ನಿಧಾನವಾಗಿ ಬದಲಾಯಿತು. 1955ರ ಹಿಂದೂ ವಿವಾಹ ಕಾಯ್ದೆ ‘ಹುಚ್ಚ’ನಿಗೆ ಮದುವೆಯೇ ಕೂಡದು ಎಂದಿತ್ತು. 1976ರ ತಿದ್ದುಪಡಿ ಆ ಪದವನ್ನು ಕೈಬಿಟ್ಟು, ಒಪ್ಪಿಗೆ ಕೊಡುವ ಶಕ್ತಿ ಇದೆಯೇ, ಮದುವೆಗೂ ಮಕ್ಕಳಿಗೂ ಅಡ್ಡಿಯಾಗುವಷ್ಟು ಕಾಯಿಲೆ ಇದೆಯೇ ಎಂದು ಕೇಳಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಯಿತು. ಚಿಕಿತ್ಸೆಯೆಂದು ಸಂತಾನಹರಣ ಮಾಡುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸುವಂತಿಲ್ಲ. ರೋಗಿಗೆ ಖಾಸಗಿತನ ಬೇಕು, ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡಬಾರದು ಎಂದೂ ಬರೆದಿದೆ. ಆದರೆ ಒಳಗಿರುವ ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ಹತ್ತಿರವಾಗಲು ಬಯಸಿದರೆ ಏನು ಮಾಡಬೇಕು? ಅದರ ಬಗ್ಗೆ ಕಾಯ್ದೆ ಮೌನ. ನೆದರ್ಲೆಂಡ್ಸ್‌ನ ಬಿಗಿ ಕಾವಲಿನ ಆಸ್ಪತ್ರೆಗಳಲ್ಲಿ ಸಂಗಾತಿಯನ್ನು ಏಕಾಂತದಲ್ಲಿ ಭೇಟಿಯಾಗುವ ವ್ಯವಸ್ಥೆ ಉಂಟು. ನಮ್ಮಲ್ಲಿ ಅದು ಕರ್ತವ್ಯದಲ್ಲಿರುವವರ ಒಳ್ಳೆಯತನಕ್ಕೆ ಬಿಟ್ಟದ್ದು.

ವರ್ಷಗಳ ಹಿಂದೆ ಒಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ನಮ್ಮ ಚಿಕ್ಕನಾಯಕನಹಳ್ಳಿ ಕಡೆಯ ಗಂಡ ಹೆಂಡತಿ ಕೂತಿದ್ದರು. ಅವಳು ಮಡಿಲಲ್ಲಿದ್ದ ಕೊಬ್ಬರಿ ಚೂರು ತೆಗೆದು ಅವನ ಕೈಗಿಟ್ಟಳು, ಕೈ ಹಾಗೇ ಹಿಡಿದುಕೊಂಡಳು. ದಾಟಿಹೋದ ನರ್ಸಮ್ಮ ಕಂಡರೂ ಕಾಣದವರಂತೆ ಮುಖ ತಿರುಗಿಸಿಕೊಂಡರು.