ಭಾರತದ ಯಹೂದಿಗಳ ಇತಿಹಾಸ ಅಧ್ಯಯನ: ಆಕರಗಳು ಎಲ್ಲಿವೆ, ಹುಡುಕುವುದು ಹೇಗೆ? ಇಲ್ಲಿದೆ ಮಾಹಿತಿ

ಚಾಕಣ (ಪುಣೆ): ಯಹೂದಿಗಳ ಇತಿಹಾಸ ತಿಳಿಯಲು ಹೀಬ್ರೂ ಕಲಿತು ಜೆರುಸಲೇಮಿಗೇ ಹೋಗಬೇಕೆಂದೇನಿಲ್ಲ. ಕೈಗಾರಿಕಾ ಪಟ್ಟಣ ಚಾಕಣದಿಂದ ಸುಮಾರು 30 ಕಿ.ಮೀ. ದೂರದ ಪುಣೆಯಲ್ಲೇ ಆರಂಭಿಸಬಹುದು. ಭಾರತದ ಯಹೂದಿಗಳ ವಿಷಯದಲ್ಲಂತೂ ಮರಾಠಿ, ಕನ್ನಡ, ತುಳು ಬಲ್ಲವರಿಗೆ ಹೆಚ್ಚಿನ ಅನುಕೂಲವೇ ಇದೆ.

ಪುಣೆಯಲ್ಲಿ ಏನಿದೆ?

ಕ್ಯಾಂಪ್ ಪ್ರದೇಶದ ಓಹೆಲ್ ಡೇವಿಡ್ ಸಿನಗಾಗ್ ಸ್ಥಳೀಯರಿಗೆ 'ಲಾಲ್ ದೇವಳ'. ಬಾಗ್ದಾದ್ ಮೂಲದ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಿದ ಈ ಪ್ರಾರ್ಥನಾ ಮಂದಿರದ ಕಾಮಗಾರಿ 1863ರಲ್ಲಿ ಶುರುವಾಗಿ 1867ರಲ್ಲಿ ಮುಗಿಯಿತು. 1864ರಲ್ಲಿ ತೀರಿಕೊಂಡ ಸಸೂನ್ ಸಮಾಧಿಯೂ ಇದೇ ಆವರಣದಲ್ಲಿದೆ.

ಕೊಂಕಣ ಮೂಲದ ಬೆನೆ ಇಸ್ರೇಲ್ ಯಹೂದಿಗಳ ಮನೆಮಾತು ಮರಾಠಿ. ಎಣ್ಣೆ ತೆಗೆಯುವ ಕಸುಬಿನ ಇವರು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎಂಬ ಹೆಸರು ಬಂತು. ಪೆಸಾಕ್ ಹಬ್ಬದ ರಾತ್ರಿ ಓದುವ 'ಹಗ್ಗಾದಾ' 1874ರಲ್ಲಿ ಪುಣೆಯಲ್ಲಿಯೇ ಮರಾಠಿ ಅನುವಾದದೊಂದಿಗೆ ಮುದ್ರಣಗೊಂಡಿತ್ತು. ಸಮುದಾಯದವರೇ ಆದ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಬರೆದ ಬೆನೆ ಇಸ್ರೇಲರ ಇತಿಹಾಸ 1937ರಲ್ಲಿ ಟೆಲ್ ಅವೀವ್‌ನಲ್ಲಿ ಪ್ರಕಟವಾಯಿತು. ಹೊಸಬರು ಮೊದಲು ಓದಬೇಕಾದ ಪುಸ್ತಕವಿದು.

ಮಂಗಳೂರಿನ ನಂಟು

ಕನ್ನಡಿಗರಿಗೆ ಹತ್ತಿರವಾದ ಆಕರ ಈಜಿಪ್ಟಿನ 'ಕೈರೋ ಗೆನೀಜಾ'. ಹಳೆಯ ಕೈರೋದ ಸಿನಗಾಗ್ ಒಂದರಲ್ಲಿ ಶತಮಾನಗಳ ಕಾಲ ಕೂಡಿಟ್ಟ ಕಾಗದಪತ್ರಗಳ ರಾಶಿಯಿದು. ಟುನೀಶಿಯಾ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಇಲ್ಲಿ ಸಿಕ್ಕಿವೆ. ಆತ 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿದ್ದ.

ಈ ಪತ್ರಗಳಲ್ಲಿ ಬರುವ ಆತನ ಸೇವಕನ ಹೆಸರಿನಲ್ಲಿ ಬ, ಮ, ಅ ಎಂಬ ಮೂರೇ ಅಕ್ಷರಗಳಿದ್ದವು. ಅದು 'ಬೊಮ್ಮ' ಇರಬೇಕೆಂದು ಲೇಖಕ ಅಮಿತಾವ್ ಘೋಷ್‌ಗೆ ಸೂಚಿಸಿದವರು ತುಳು-ಕನ್ನಡ ವಿದ್ವಾಂಸ ಬಿ.ಎ. ವಿವೇಕ ರೈ. ಹೀಬ್ರೂ, ಅರೇಬಿಕ್ ಬಲ್ಲವರಿಗೆ ದಕ್ಕದ್ದು ಊರಿನ ಭಾಷೆ ಬಲ್ಲವರಿಗೆ ದಕ್ಕಿತು.

ಮನೆಯಿಂದಲೇ ಬಳಸಬಹುದಾದ ಸಾಧನಗಳು

* ಪ್ರಿನ್ಸ್‌ಟನ್ ಗೆನೀಜಾ ಪ್ರಾಜೆಕ್ಟ್: ಗೆನೀಜಾ ಪತ್ರಗಳ ವಿವರ ಮತ್ತು ಲಿಪ್ಯಂತರ.
* ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿ: ಗೆನೀಜಾ ತುಣುಕುಗಳ ಚಿತ್ರಗಳು.
* ರಾಂಬಿ: ಇಸ್ರೇಲ್ ರಾಷ್ಟ್ರೀಯ ಗ್ರಂಥಾಲಯದ ಲೇಖನ ಸೂಚಿ. ಯಾವ ವಿಷಯದ ಮೇಲೆ ಯಾರು ಬರೆದಿದ್ದಾರೆಂದು ತಿಳಿಯಲು ಉಪಯುಕ್ತ.
* ಕ್ತಿವ್: ಇದೇ ಗ್ರಂಥಾಲಯದ ಹೀಬ್ರೂ ಹಸ್ತಪ್ರತಿಗಳ ತಾಣ.
* ಸೆಫಾರಿಯಾ: ಧರ್ಮಗ್ರಂಥಗಳ ಮೂಲ ಪಠ್ಯ, ಇಂಗ್ಲಿಷ್ ಅನುವಾದ.
* ಜ್ಯೂಯಿಶ್ ಎನ್‌ಸೈಕ್ಲೋಪೀಡಿಯಾ: 1901ರಿಂದ 1906ರವರೆಗೆ ಪ್ರಕಟವಾದ 12 ಸಂಪುಟಗಳು. ಹಳೆಯದಾದ್ದರಿಂದ ಹೊಸ ಸಂಶೋಧನೆಯೊಂದಿಗೆ ಹೋಲಿಸಿ ಓದಬೇಕು.

ಹುಡುಕುವಾಗ ನೆನಪಿಡಿ

ಒಂದೇ ಹೆಸರನ್ನು ಹಲವು ರೂಪಗಳಲ್ಲಿ ಹುಡುಕಿ. ಪುಣೆ ಹಳೆಯ ದಾಖಲೆಗಳಲ್ಲಿ 'ಪೂನಾ', ಮಂಗಳೂರು ಗೆನೀಜಾ ಪತ್ರಗಳಲ್ಲಿ 'ಮಂಜರೂರ್', ಬೆನೆ ಇಸ್ರೇಲ್ ಕೆಲವೆಡೆ 'ಬೆನಿ ಇಸ್ರೇಲ್'.

ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು. ಆದರೆ 1948ರ ನಂತರ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ತೆರಳಿದ್ದಾರೆ. ಅಲ್ಲಿ ಹುಟ್ಟಿ ಬೆಳೆದ ಪೀಳಿಗೆಯ ಮಾತು ಹೀಬ್ರೂ. ಅಜ್ಜ-ಅಜ್ಜಿಯರ ಕಾಗದಪತ್ರಗಳಿರುವುದು ಮರಾಠಿಯಲ್ಲಿ. ಅವನ್ನು ಓದಬಲ್ಲವರು ಈಗಲೇ ಓದಿ ಪಟ್ಟಿ ಮಾಡದಿದ್ದರೆ ಯಾವ ಡಿಜಿಟಲ್ ಸಂಗ್ರಹವೂ ಮುಂದೆ ಆ ಕೊರತೆಯನ್ನು ತುಂಬಲಾರದು.