ಕಂಡರೂ ಪ್ರಮಾಣಿಸಿ ನೋಡು: ಬರ್ಟ್ ವ್ಯಾಲೀ ಮತ್ತು ಪ್ರೋಟೀನಿನೊಳಗಿನ ಸತುವಿನ ಶೋಧ

ಪ್ರಸ್ತಾವನೆ

ಜೀವಿಗಳೊಳಗಿನ ಲೋಹಗಳಲ್ಲಿ ಕೆಲವು ತಮ್ಮ ಇರವನ್ನು ತಾವೇ ಸಾರುತ್ತವೆ. ನಮ್ಮ ರಕ್ತದ ಕೆಂಪಿನ ಹಿಂದೆ ಕಬ್ಬಿಣವಿದೆ, ಏಡಿಯ ರಕ್ತದ ನೀಲಿಯ ಹಿಂದೆ ತಾಮ್ರವಿದೆ. ಸತುವಿಗೆ ಈ ಭಾಗ್ಯವಿಲ್ಲ. ಅದರ ಅಯಾನಿನ ಹೊರಕವಚದ ಹತ್ತು ಡಿ-ಎಲೆಕ್ಟ್ರಾನುಗಳೂ ಜೋಡಿಯಾಗಿ ತುಂಬಿಕೊಂಡಿವೆ. ಹಾಗಾಗಿ ಅದು ಕಣ್ಣಿಗೆ ಕಾಣುವ ಬೆಳಕನ್ನು ಹೀರದು, ಕಾಂತಕ್ಕೂ ಓಗೊಡದು. ವಯಸ್ಕರ ದೇಹದಲ್ಲಿ ಸುಮಾರು ಎರಡು ಗ್ರಾಂ ಸತುವಿದ್ದರೂ ಜೀವರಸಾಯನಶಾಸ್ತ್ರ ಬಹುಕಾಲ ಅದನ್ನು ಕಡೆಗಣಿಸಿದ್ದಕ್ಕೆ ಈ ಬಣ್ಣಗೇಡಿತನವೇ ದೊಡ್ಡ ಕಾರಣ.

ಈ ಲೋಹದ ಬೆನ್ನುಹತ್ತಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದವರು ಹಾರ್ವರ್ಡ್ ವೈದ್ಯಕೀಯ ಶಾಲೆಯ ಬರ್ಟ್ ಲೆಸ್ಟರ್ ವ್ಯಾಲೀ (1919–2010). ಅವರ ಹೆಸರಿನ ಮುಂದೆ ಸಾಮಾನ್ಯವಾಗಿ ಅವರು ಪತ್ತೆಮಾಡಿದ ಸತುಕಿಣ್ವಗಳ ಪಟ್ಟಿಯನ್ನು ಇಡುತ್ತಾರೆ. ಆ ಪಟ್ಟಿಗಿಂತ ಬೆಲೆಯುಳ್ಳದ್ದು, ಒಂದು ಲೋಹ ಪ್ರೋಟೀನಿನ ಅಂಗವೇ ಅಥವಾ ಅಂಟಿಕೊಂಡ ಕೊಳೆಯೇ ಎಂದು ತೀರ್ಮಾನಿಸಲು ಅವರು ಕಟ್ಟಿಕೊಟ್ಟ ಪರೀಕ್ಷಾಕ್ರಮ ಎಂಬುದು ಈ ಲೇಖನದ ವಾದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಅವರ ಪ್ರಯೋಗಾಲಯದ ಬಾಗಿಲಿಗೆ ಒಪ್ಪುವಂಥದ್ದು.

ಹಿನ್ನೆಲೆ

ಸತುವು ಜೀವಕ್ಕೆ ಬೇಕೆಂಬ ಮೊದಲ ಸುಳಿವು ಬಂದದ್ದು ಬೂಷ್ಟಿನಿಂದ. ಪಾಶ್ಚರರ ಶಿಷ್ಯ ಜೂಲ್ ರೋಲಾಂ 1869ರಲ್ಲಿ, ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಸತುವಿಲ್ಲದ ದ್ರಾವಣದಲ್ಲಿ ಸರಿಯಾಗಿ ಬೆಳೆಯದೆಂದು ತೋರಿಸಿದರು. 1934ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಇಲಿಗಳ ಬೆಳವಣಿಗೆಗೂ ಅದು ಬೇಕೆಂದರು. ಆದರೆ ದೇಹದೊಳಗೆ ಸತುವಿನ ಕೆಲಸವೇನು? ಈ ಪ್ರಶ್ನೆಗೆ ಮೊದಲ ಖಚಿತ ಉತ್ತರ ಕೊಟ್ಟವರು ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಮತ್ತು ತಡೇಯುಸ್ ಮಾನ್. ಇಂಗಾಲದ ಡೈಆಕ್ಸೈಡನ್ನು ನೀರಿನೊಂದಿಗೆ ಕೂಡಿಸುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವ ಸತುವನ್ನೊಳಗೊಂಡ ಪ್ರೋಟೀನ್ ಎಂದು 1940ರಲ್ಲಿ ಅವರು ಸ್ಥಾಪಿಸಿದರು. ಮುಂದಿನ ಹತ್ತಕ್ಕೂ ಹೆಚ್ಚು ವರ್ಷ ಆ ಕಿಣ್ವ ಒಂಟಿ ಉದಾಹರಣೆಯಾಗಿಯೇ ಉಳಿಯಿತು.

ರಕ್ತದಿಂದ ಆರಂಭ

ವ್ಯಾಲೀ ಹುಟ್ಟಿದ್ದು ಜರ್ಮನಿಯ ವೆಸ್ಟ್‌ಫೇಲಿಯಾದ ಹೇಮರ್ ಪಟ್ಟಣದಲ್ಲಿ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಓದಿ, ಯುದ್ಧದ ಮೋಡ ಕವಿಯುತ್ತಿದ್ದ 1938ರಲ್ಲಿ ಅಮೆರಿಕಕ್ಕೆ ಹೋದರು. 1943ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಯುದ್ಧಕಾಲದಲ್ಲಿ ಬಾಸ್ಟನ್ನಿನಲ್ಲಿ ನಡೆಯುತ್ತಿದ್ದ ರಕ್ತಸಂರಕ್ಷಣೆಯ ಕೆಲಸ ಅವರನ್ನು ರಕ್ತಕಣಗಳೊಳಗಿನ ಲೋಹದ ಕಡೆಗೆ ತಿರುಗಿಸಿತು. ಜಾನ್ ಗಿಬ್ಸನ್ ಅವರೊಂದಿಗೆ 1948ರಲ್ಲಿ ಪ್ರಕಟಿಸಿದ ಪ್ರಬಂಧ ರಕ್ತ, ಪ್ಲಾಸ್ಮಾ, ಕೆಂಪು ಕಣ, ಬಿಳಿ ಕಣಗಳಲ್ಲಿ ಸತುವನ್ನು ಅಳೆಯುವ ವಿಧಾನವನ್ನು ವಿವರಿಸುತ್ತದೆ.

ಆ ಅಳತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಿಥಿಜೋನ್ ಎಂಬ ವಸ್ತುವನ್ನು ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕರಗಿಸಿದರೆ ದಟ್ಟ ಹಸಿರು ದ್ರಾವಣ ಸಿಗುತ್ತದೆ. ಸತುವಿರುವ ನೀರಿನೊಂದಿಗೆ ಅದನ್ನು ಗಾಜಿನ ಆಲಿಕೆಯಲ್ಲಿ ಕುಲುಕಿ ನಿಲ್ಲಿಸಿದರೆ, ಭಾರವಾದ ಪದರ ತಳಕ್ಕೆ ಇಳಿಯುವಷ್ಟರಲ್ಲಿ ಹಸಿರು ಕೆಂಪಿಗೆ ತಿರುಗಿರುತ್ತದೆ. ಕೆಂಪಿನ ಗಾಢತೆಯಿಂದ ಸತುವಿನ ಪ್ರಮಾಣವನ್ನು ಲೆಕ್ಕಹಾಕಬಹುದು. ತೊಂದರೆಯೆಂದರೆ ಸತುವು ಎಲ್ಲೆಲ್ಲೂ ಇದೆ. ರಬ್ಬರ್ ಬಿರಡೆಯಲ್ಲಿ ಸತುವಿನ ಆಕ್ಸೈಡ್ ಇರುತ್ತದೆ. ನಲ್ಲಿಯ ಕೊಳವೆಗೆ ಸತುವಿನ ಲೇಪವಿರುತ್ತದೆ. ಗಾಜು, ದೂಳು, ಬಾಟಲಿಯೊಳಗಿನ ರಾಸಾಯನಿಕ ಯಾವುದೂ ಅದರಿಂದ ಮುಕ್ತವಲ್ಲ. ಅಳೆಯುವವನ ಕೈಯಿಂದಲೇ ಲೋಹ ಬೆರೆತರೆ, ಇಲ್ಲದ ಸತುವು ಇದೆಯೆಂದು ಕಾಣುತ್ತದೆ. ಪಾತ್ರೆಗಳನ್ನು ಆಮ್ಲದಲ್ಲಿ ತೊಳೆಯುವುದು, ನೀರನ್ನು ಮತ್ತೆ ಮತ್ತೆ ಭಟ್ಟಿಯಿಳಿಸುವುದು, ಬಳಸುವ ಪ್ರತಿ ದ್ರಾವಣದಿಂದ ಮೊದಲು ಲೋಹವನ್ನು ಹೊರತೆಗೆಯುವುದು ಇವೆಲ್ಲ ವ್ಯಾಲೀ ಪ್ರಯೋಗಾಲಯದ ನಿತ್ಯದ ಮಡಿಯಾದವು. ಇದರ ಜೊತೆಗೆ ಲೋಹಗಳನ್ನು ಅವುಗಳ ಬೆಳಕಿನ ರೇಖೆಗಳಿಂದ ಗುರುತಿಸುವ ರೋಹಿತ ವಿಧಾನಗಳನ್ನೂ ಅವರು ಕೈವಶಮಾಡಿಕೊಂಡರು. 1954ರಲ್ಲಿ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಅವರ ಜೀವಭೌತ ಸಂಶೋಧನಾಲಯ ಸ್ಥಾಪನೆಯಾಯಿತು.

ಎರಡನೆಯ ಸತುಕಿಣ್ವ

ಅದೇ ವರ್ಷ ವ್ಯಾಲೀ ಮತ್ತು ಸಿಯಾಟಲ್‌ನ ಹಾನ್ಸ್ ನ್ಯೂರಾತ್ ಕೂಡಿ, ದನದ ಮೇದೋಜೀರಕ ಗ್ರಂಥಿಯ ಕಾರ್ಬಾಕ್ಸಿಪೆಪ್ಟಿಡೇಸ್ ಸತುಪ್ರೋಟೀನ್ ಎಂದು ಪ್ರಕಟಿಸಿದರು. ನಾವು ಉಂಡ ಪ್ರೋಟೀನ್ ಸರಪಳಿಯ ಒಂದು ತುದಿಯಿಂದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಕತ್ತರಿಸುವ ಕಿಣ್ವವಿದು. ಇದರ ಅಣುತೂಕ ಸುಮಾರು 34,000, ಸತುವಿನದು 65. ಅಣುವೊಂದಕ್ಕೆ ಒಂದು ಪರಮಾಣುವೆಂದರೆ ಒಂದು ಗ್ರಾಂ ಕಿಣ್ವದಲ್ಲಿ ಎರಡು ಮಿಲಿಗ್ರಾಂಗೂ ತುಸು ಕಡಿಮೆ ಸತುವು. ಇಷ್ಟು ಅಲ್ಪ ಪ್ರಮಾಣ ಕೊಳೆಯಲ್ಲವೆಂದು ಹೇಳುವುದು ಹೇಗೆ?

ಇಲ್ಲಿ ವ್ಯಾಲೀ ಅವರ ಕ್ರಮ ಸ್ಪಷ್ಟ ರೂಪ ಪಡೆಯಿತು. ಮೊದಲನೆಯದು ಅನುಪಾತ: ಕಿಣ್ವವನ್ನು ಶುದ್ಧೀಕರಿಸುತ್ತ ಹೋದಂತೆ ಉಳಿದ ಲೋಹಗಳು ಕರಗಿಹೋಗುತ್ತವೆ, ಸತುವಿನ ಪಾಲು ಕಿಣ್ವದ ಚಟುವಟಿಕೆಯ ಜೊತೆಜೊತೆಗೇ ಏರಿ, ಅಣುವಿಗೊಂದು ಎಂಬ ಪೂರ್ಣಾಂಕದಲ್ಲಿ ನಿಲ್ಲುತ್ತದೆ. ಎರಡನೆಯದು ತೆಗೆಯುವುದು: ಲೋಹವನ್ನು ಬಿಗಿಯಾಗಿ ಹಿಡಿಯುವ ಫಿನಾಂತ್ರೊಲೀನ್ ದ್ರಾವಣದಲ್ಲಿ ಕಿಣ್ವವನ್ನು ಸೋಸಿದರೆ ಸತುವು ಹೊರಬರುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ. ಮೂರನೆಯದು ಮರಳಿಸುವುದು: ಸತುವನ್ನು ಹಿಂದಿರುಗಿಸಿದರೆ ಚಟುವಟಿಕೆ ಮರಳುತ್ತದೆ. ನಾಲ್ಕನೆಯದು ಬದಲಿಸುವುದು, ಅಂದರೆ ಸತುವಿನ ಜಾಗದಲ್ಲಿ ಬೇರೆ ಲೋಹವನ್ನು ಕೂರಿಸಿ ನೋಡುವುದು. ಕೋಬಾಲ್ಟ್ ಕೂತಾಗ ಕಿಣ್ವ ಪೆಪ್ಟೈಡುಗಳನ್ನು ಮೊದಲಿಗಿಂತ ಚುರುಕಾಗಿ ಕತ್ತರಿಸಿತು. ಕ್ಯಾಡ್ಮಿಯಂ ಕೂತಾಗ ಪೆಪ್ಟೈಡನ್ನು ಮುಟ್ಟದೆ ಎಸ್ಟರುಗಳನ್ನು ಮಾತ್ರ ಒಡೆಯಿತು. ಲೋಹ ಬದಲಾದೊಡನೆ ಕೆಲಸದ ಸ್ವರೂಪವೇ ಬದಲಾದ ಮೇಲೆ ಲೋಹ ಅಲ್ಲಿ ಸುಮ್ಮನೆ ಇದೆ ಎನ್ನಲು ಯಾರಿಗೂ ದಾರಿ ಉಳಿಯಲಿಲ್ಲ. ಕೋಬಾಲ್ಟಿಗೆ ಬಣ್ಣವಿರುವುದರಿಂದ ಮತ್ತೊಂದು ಲಾಭವೂ ಆಯಿತು: ಕಾಣದ ಸತುವಿನ ನೆಲೆಯ ಸುದ್ದಿಯನ್ನು ಈ ಬದಲಿ ಲೋಹ ರೋಹಿತದ ಮೂಲಕ ಹೇಳತೊಡಗಿತು.

1955ರಲ್ಲಿ ಫ್ರೆಡ್ರಿಕ್ ಹೋಕ್ ಅವರೊಂದಿಗೆ ಯೀಸ್ಟಿನ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಕೂಡ ಸತುಕಿಣ್ವವೆಂದು ತೋರಿಸಿದರು. ಲೋಹವನ್ನು ಗಟ್ಟಿಯಾಗಿ ಹಿಡಿದು ಶುದ್ಧೀಕರಣದಲ್ಲೂ ಬಿಡದ 'ಲೋಹಕಿಣ್ವ'ಗಳನ್ನು, ಲೋಹ ಸಡಿಲವಾಗಿ ಬಂದುಹೋಗುವ ಕಿಣ್ವಗಳಿಂದ ಅವರು ಬೇರ್ಪಡಿಸಿದ್ದೂ ಇದೇ ಕಾಲದಲ್ಲಿ. ಇಂದಿಗೂ ಪಠ್ಯಪುಸ್ತಕಗಳು ಈ ವಿಂಗಡಣೆಯನ್ನು ಬಿಟ್ಟಿಲ್ಲ.

ಯಕೃತ್ತು ಮತ್ತು ಕುದುರೆಯ ಮೂತ್ರಪಿಂಡ

ವೈದ್ಯರಾಗಿದ್ದ ವ್ಯಾಲೀ ರೋಗಿಯನ್ನು ಮರೆಯಲಿಲ್ಲ. ಕುಡಿತದಿಂದ ಯಕೃತ್ತು ಗಡುಸಾಗುವ ಸಿರೋಸಿಸ್ ರೋಗಿಗಳ ರಕ್ತದಲ್ಲಿ ಸತುವು ಕುಗ್ಗಿ, ಮೂತ್ರದಲ್ಲಿ ಹೆಚ್ಚಾಗಿ ಹರಿದುಹೋಗುತ್ತದೆಂದು ಅವರ ತಂಡ 1956ರಲ್ಲಿ ವರದಿಮಾಡಿತು. ಮಾನವರಲ್ಲಿ ಸತುವಿನ ಕೊರತೆಯ ಅಧ್ಯಯನಕ್ಕೆ ಇದು ಮುನ್ನುಡಿ. ಬಿಹಾರ ಮೂಲದ ವೈದ್ಯ ಆನಂದ ಪ್ರಸಾದ್ ಇರಾನಿನಲ್ಲೂ ಈಜಿಪ್ಟಿನಲ್ಲೂ ಕುಬ್ಜರಾಗಿ ಉಳಿದ ಹುಡುಗರನ್ನು ಅಧ್ಯಯನಮಾಡಿ ಆಹಾರದ ಸತುಕೊರತೆಯನ್ನು 1960ರ ದಶಕದಲ್ಲಿ ಬೆಳಕಿಗೆ ತಂದರು.

1957ರಲ್ಲಿ ಮಾರ್ವಿನ್ ಮಾರ್ಗೋಷಸ್ ಮತ್ತು ವ್ಯಾಲೀ ಕುದುರೆಯ ಮೂತ್ರಪಿಂಡದ ಹೊರಪದರದಿಂದ ಕ್ಯಾಡ್ಮಿಯಂ ಹಿಡಿದಿದ್ದ ಪ್ರೋಟೀನನ್ನು ಹೊರತೆಗೆದರು. ಜೀವಿಯಲ್ಲಿ ಸಹಜವಾಗಿ ಸಿಕ್ಕ ಮೊದಲ ಕ್ಯಾಡ್ಮಿಯಂ ಪ್ರೋಟೀನ್ ಇದು. ಜೆರೆಮಿಯಾಸ್ ಕೇಗಿ ಜೊತೆಯಲ್ಲಿ ಇದನ್ನು ಶುದ್ಧೀಕರಿಸಿ 'ಮೆಟಲೋಥಯೋನೀನ್' ಎಂದು ಕರೆದರು. ಇದರ ರಚನೆ ವಿಚಿತ್ರವಾದದ್ದು: ಅರುವತ್ತರ ಆಸುಪಾಸಿನ ಅಮೈನೋ ಆಮ್ಲಗಳಲ್ಲಿ 20 ಗಂಧಕವುಳ್ಳ ಸಿಸ್ಟೀನ್‌ಗಳು, ಅವುಗಳ ನಡುವೆ ಏಳು ಲೋಹ ಪರಮಾಣುಗಳು, ನಾಲ್ಕು ಒಂದು ಗೊಂಚಲಲ್ಲಿ, ಮೂರು ಇನ್ನೊಂದರಲ್ಲಿ. ಇದರ ಕೆಲಸವೇನೆಂಬ ಚರ್ಚೆ ದಶಕಗಳ ಕಾಲ ನಡೆಯಿತು. ವೊಲ್ಫ್‌ಗಾಂಗ್ ಮಾರೆಟ್ ಜೊತೆ 1998ರಲ್ಲಿ ವ್ಯಾಲೀ ಹೊಸ ವಿವರಣೆ ಮುಂದಿಟ್ಟರು: ಈ ಗಂಧಕಗಳು ಉತ್ಕರ್ಷಣೆಗೊಂಡಾಗ ಸತುವು ಬಿಡುಗಡೆಯಾಗುತ್ತದೆ, ಹೀಗೆ ಜೀವಕೋಶ ತನ್ನ ಸತುವಿನ ಹಂಚಿಕೆಯನ್ನು ನಿಯಂತ್ರಿಸಬಲ್ಲದು. ನಾಲ್ಕು ದಶಕ ಕಳೆದರೂ ತಾವೇ ಎತ್ತಿದ ಪ್ರಶ್ನೆಯನ್ನು ಅವರು ಕೈಬಿಟ್ಟಿರಲಿಲ್ಲ.

ಹೆದೆಯೇರಿಸಿದ ಬಿಲ್ಲು, ಮತ್ತು ಒಂದು ತಪ್ಪು

1968ರಲ್ಲಿ ಆಕ್ಸ್‌ಫರ್ಡಿನ ಆರ್. ಜೆ. ಪಿ. ವಿಲಿಯಮ್ಸ್ ಜೊತೆ ವ್ಯಾಲೀ 'ಎಂಟ್ಯಾಟಿಕ್ ಸ್ಥಿತಿ' ಎಂಬ ಕಲ್ಪನೆಯನ್ನು ಮಂಡಿಸಿದರು. ಬಿಗಿತವನ್ನು ಸೂಚಿಸುವ ಗ್ರೀಕ್ ಪದದಿಂದ ಬಂದ ಹೆಸರಿದು. ಪ್ರೋಟೀನಿನ ಮಡಿಕೆಗಳು ಲೋಹವನ್ನು ಅದಕ್ಕೆ ಒಗ್ಗದ ಭಂಗಿಯಲ್ಲಿ ಹಿಡಿದಿಡುತ್ತವೆ. ಆ ಬಿಗಿತದಿಂದಲೇ ಲೋಹ ಕ್ರಿಯೆಗೆ ಸಿದ್ಧವಾಗಿ ನಿಂತಿರುತ್ತದೆ ಎಂಬುದು ತಿರುಳು. ಹೆದೆಯೇರಿಸಿದ ಬಿಲ್ಲನ್ನು ನೆನೆದರೆ ವಿಷಯ ಮನಸ್ಸಿಗೆ ಇಳಿಯುತ್ತದೆ.

ಅದೇ ಹೊತ್ತಿಗೆ ವ್ಯಾಲೀ ಅವರ ಒಂದು ತೀರ್ಮಾನ ಬಿದ್ದುಹೋಯಿತು. ಕಾರ್ಬಾಕ್ಸಿಪೆಪ್ಟಿಡೇಸಿನ ಸತುವನ್ನು ಒಂದು ಗಂಧಕವೂ ಒಂದು ಸಾರಜನಕವೂ ಹಿಡಿದಿವೆ ಎಂದು ಬಂಧದ ಬಲದ ಅಳತೆಗಳಿಂದ ಅವರು ಊಹಿಸಿದ್ದರು. ಹಾರ್ವರ್ಡಿನ ವಿಲಿಯಂ ಲಿಪ್ಸ್‌ಕಂಬ್ ಅವರ ಎಕ್ಸ್‌ರೇ ಸ್ಫಟಿಕ ರಚನೆ ಮತ್ತು ನ್ಯೂರಾತ್ ತಂಡದ ಅಮೈನೋ ಆಮ್ಲ ಅನುಕ್ರಮ ಬೇರೆಯದನ್ನೇ ಹೇಳಿದವು: ಹಿಡಿದಿರುವುದು ಎರಡು ಹಿಸ್ಟಿಡೀನ್, ಒಂದು ಗ್ಲುಟಾಮೇಟ್, ಗಂಧಕವೇ ಇಲ್ಲ. ಲೋಹ ಇದೆಯೆಂದು ಸಾಧಿಸಿದ ರಾಸಾಯನಿಕ ಪರೀಕ್ಷೆಗೆ ಅದನ್ನು ಹಿಡಿದ ಕೈಗಳನ್ನು ಗುರುತಿಸುವ ಶಕ್ತಿ ಇರಲಿಲ್ಲ.

ಆದರೆ ಸ್ಫಟಿಕವೇ ಕೊನೆಯ ಮಾತೆಂದೂ ವ್ಯಾಲೀ ಒಪ್ಪಲಿಲ್ಲ. 1970ರ ದಶಕದ ಆರಂಭದಲ್ಲಿ ಜ್ಯಾಕ್ ಜೋಹಾನ್ಸೆನ್ ಜೊತೆ ಅವರು ಕಿಣ್ವದ 248ನೆಯ ಟೈರೊಸೀನ್‌ಗೆ ಒಂದು ಬಣ್ಣದ ಗುಂಪನ್ನು ಜೋಡಿಸಿದರು. ದ್ರಾವಣದಲ್ಲಿ ಅದು ಸತುವಿಗೆ ಹೊಂದಿಕೊಂಡು ಕೆಂಪಾಯಿತು. ಅದೇ ಕಿಣ್ವದ ಸ್ಫಟಿಕಗಳು ಹಳದಿಯಾಗಿದ್ದವು. ಸ್ಫಟಿಕದಲ್ಲಿ ಕಟ್ಟುಬಿದ್ದ ಅಣುವಿನ ಭಂಗಿ, ನೀರಿನಲ್ಲಿ ಕೆಲಸ ಮಾಡುವ ಅಣುವಿನ ಭಂಗಿಯಂತೆಯೇ ಇರಬೇಕಾಗಿಲ್ಲ ಎಂಬ ಎಚ್ಚರಿಕೆ ಆ ಎರಡು ಬಣ್ಣಗಳಲ್ಲಿತ್ತು.

ಕೊನೆಯ ದಶಕಗಳು

1985ರಲ್ಲಿ ವ್ಯಾಲೀ ತಂಡ ರಕ್ತನಾಳಗಳನ್ನು ಬೆಳೆಸುವ ಆಂಜಿಯೋಜೆನಿನ್ ಎಂಬ ಪ್ರೋಟೀನನ್ನು ಮಾನವ ಗೆಡ್ಡೆಯ ಕೋಶಗಳಿಂದ ಪ್ರತ್ಯೇಕಿಸಿತು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಏರನ್ ಕ್ಲುಗ್ ತಂಡ ಡಿಎನ್‌ಎಯನ್ನು ಹಿಡಿಯುವ 'ಸತುಬೆರಳು'ಗಳನ್ನು ಗುರುತಿಸಿತು. ಸತುವಿನ ಕಥೆ ಜೀರ್ಣಕಿಣ್ವಗಳನ್ನು ದಾಟಿ ವಂಶವಾಹಿಗಳ ನಿಯಂತ್ರಣಕ್ಕೆ ಬಂದು ಮುಟ್ಟಿತು. 1990ರಲ್ಲಿ ಡೇವಿಡ್ ಆಲ್ಡ್ ಜೊತೆ ವ್ಯಾಲೀ ಅದುವರೆಗಿನ ರಚನೆಗಳನ್ನೆಲ್ಲ ಒಟ್ಟಿಗಿಟ್ಟು ಒಂದು ಸರಳ ನಿಯಮವನ್ನು ಕಂಡರು: ಸತುವು ಕ್ರಿಯೆ ನಡೆಸುವ ನೆಲೆಗಳಲ್ಲಿ ಮೂರು ಅಮೈನೋ ಆಮ್ಲಗಳೂ ಒಂದು ನೀರಿನ ಅಣುವೂ ಅದನ್ನು ಸುತ್ತುವರಿದಿರುತ್ತವೆ, ಅದು ಕೇವಲ ಆಕಾರ ಕಾಯುವ ನೆಲೆಗಳಲ್ಲಿ ನೀರಿಗೆ ಜಾಗವಿಲ್ಲ, ಸಾಮಾನ್ಯವಾಗಿ ನಾಲ್ಕು ಸಿಸ್ಟೀನ್‌ಗಳಿರುತ್ತವೆ. ಹೊಸ ಪ್ರೋಟೀನೊಂದು ಸಿಕ್ಕಾಗ ಸತುವಿನ ಪಾತ್ರವನ್ನು ಊಹಿಸಲು ಇದು ಇಂದಿಗೂ ನೆರವಾಗುತ್ತದೆ.

ಉಪಸಂಹಾರ

ಮಾನವನ ಪ್ರೋಟೀನುಗಳಲ್ಲಿ ಸುಮಾರು ನೂರಕ್ಕೆ ಹತ್ತು ಸತುವನ್ನು ಹಿಡಿಯಬಲ್ಲವು ಎಂಬುದು ವಂಶವಾಹಿ ದತ್ತಾಂಶಗಳಿಂದ ಬಂದ ಇಂದಿನ ಅಂದಾಜು. 1954ಕ್ಕೆ ಮುಂಚೆ ಒಂದೇ ಒಂದು ಸತುಕಿಣ್ವ ಖಚಿತವಾಗಿತ್ತು. ಈ ಅಂತರವನ್ನು ತುಂಬಿದವರು ಅನೇಕರು. ಆದರೆ ಅಳತೆ, ತೆಗೆತ, ಮರಳಿಕೆ, ಬದಲಿಕೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಹಾಕಿ ಈ ಕ್ಷೇತ್ರಕ್ಕೆ ಶಿಸ್ತು ತಂದವರಲ್ಲಿ ವ್ಯಾಲೀ ಅವರಿಗೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು. ಅವರ ತಪ್ಪು ಊಹೆ ಈ ತೀರ್ಪನ್ನು ಕುಂದಿಸುವುದಿಲ್ಲ. ಪ್ರತಿಯೊಂದು ವಿಧಾನಕ್ಕೂ ತನ್ನದೇ ಎಲ್ಲೆಯಿದೆ ಎಂಬುದನ್ನು ಅದು ಕಲಿಸುತ್ತದೆ.

ಕನ್ನಡದಲ್ಲಿ ವಿಜ್ಞಾನ ಚರಿತ್ರೆ ಬರೆಯುವವರು ಶೋಧಗಳ ಜೊತೆಗೆ ಶೋಧದ ಕ್ರಮವನ್ನೂ ದಾಖಲಿಸಬೇಕೆಂದು ಈ ಲೇಖಕನ ಕೋರಿಕೆ. ಸತುವಿನ ಕಥೆ ನಮ್ಮ ಮನೆಬಾಗಿಲಿಗೂ ಬಂದಿದೆ: ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಹೇಳಿದವು. ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಇಂದು ಆ ಮಾತ್ರೆ ಇದೆ. ಆರು ತಿಂಗಳು ದಾಟಿದ ಮಗುವಿಗೆ 2004ರ ಆ ಸಲಹೆ ಹೇಳಿದ ದಿನದ ಪ್ರಮಾಣ 20 ಮಿಲಿಗ್ರಾಂ.